ನಿಮಗಿದು ಗೊತ್ತೆ? ಬೆಂಗಳೂರೂ ಗೂಢಲಿಪಿಯ ಸಮರವೂ

ಎರಡನೆಯ ಮಹಾಯುದ್ಧದ ಕಾಲದಲ್ಲಿ, ದಂಡಿನ ನೆಲೆಯಾಗಿದ್ದ ನಮ್ಮ ಬೆಂಗಳೂರು, ಶತ್ರುಸೈನ್ಯದ ನಿಸ್ತಂತು ಸಂದೇಶಗಳನ್ನು ಆಲಿಸಿ ಭೇದಿಸುವ ಗುಪ್ತವ್ಯವಸ್ಥೆಯೊಂದರ ಅಂಗವಾಗಿತ್ತೆಂಬುದನ್ನು ಬಲ್ಲವರು ವಿರಳ. ದೆಹಲಿಯ ಆನಂದ ಪರ್ಬತದಲ್ಲಿದ್ದ, ಹೆಸರಿಗೆ ಮಾತ್ರ ಪ್ರಯೋಗಾಲಯವಾಗಿದ್ದ ‘ವೈರ್‌ಲೆಸ್ ಎಕ್ಸ್‌ಪೆರಿಮೆಂಟಲ್ ಸೆಂಟರ್’ಗೆ ಎರಡು ಉಪಕೇಂದ್ರಗಳಿದ್ದು, ಒಂದು ಬಂಗಾಳದ ಬ್ಯಾರಕ್‌ಪುರದಲ್ಲಿಯೂ ಮತ್ತೊಂದು ಬೆಂಗಳೂರಿನಲ್ಲಿಯೂ ಕಾರ್ಯನಿರತವಾಗಿದ್ದುವು.

1943ರಲ್ಲಿ ದೆಹಲಿಯ ಕೇಂದ್ರದ ವಿಲ್ಫ್ರಿಡ್ ನಾಯ್ಸ್ ಮತ್ತು ಮಾರಿಸ್ ಆಲನ್ ಜಪಾನೀ ಸೇನೆಯ ಜಲಸಾರಿಗೆ ಸಂಕೇತವನ್ನು ಭೇದಿಸಿದರು. ಯಾವ ನಿಯಮಕ್ಕೂ ಒಳಪಡದೆ ಹರಡಿರಬೇಕಾಗಿದ್ದ ಸಂದೇಶದ ಅಂಕಿಗಳಲ್ಲಿ, ಒಂದು ನಿರ್ದಿಷ್ಟ ಸ್ಥಾನದಲ್ಲಿ ಮಾತ್ರ ಕೆಲವೇ ಅಂಕಿಗಳು ಪುನಃ ಪುನಃ ತಲೆದೋರುತ್ತಿದ್ದುದನ್ನು ಗಮನಿಸಿದ ಸೂಕ್ಷ್ಮದೃಷ್ಟಿಯೇ ಆ ವಿಜಯಕ್ಕೆ ಮೂಲವಾಯಿತು. ಸೈನಿಕ ಹಡಗುಗಳ ಸಂಚಾರವನ್ನು ಬಯಲುಮಾಡಿದ ಈ ಸಾಧನೆ ಎಷ್ಟು ಸ್ತುತ್ಯವೋ, ಅಂಕಿಗಳ ಯಾದೃಚ್ಛಿಕತೆಯಲ್ಲಿ ಅತ್ಯಲ್ಪ ಲೋಪವೂ ರಹಸ್ಯಕ್ಕೆ ಮಾರಕವೆಂಬ ಅದರ ಪಾಠವೂ ಅಷ್ಟೇ ಮಹತ್ತ್ವದ್ದು.

ರಹಸ್ಯರಕ್ಷಣೆಯ ಮತ್ತೊಂದು ಪಾಠ ಇನ್ನೂ ಹಳೆಯದು: ಗೂಢಲಿಪಿಯ ವಿಧಾನವೆಲ್ಲವೂ ವೈರಿಗೆ ತಿಳಿದುಹೋದರೂ ಲಿಪಿಯನ್ನು ಬಿಡಿಸುವ ಕೀಲಿಯೊಂದು ಗುಪ್ತವಾಗಿದ್ದರೆ ಸಂದೇಶವು ಸುರಕ್ಷಿತವಾಗಿರಬೇಕೆಂದು ಭಾಷಾತಜ್ಞ ಆಗಸ್ಟ್ ಕೆರ್ಕ್‌ಹಾಫ್ಸ್ 1883ರಲ್ಲಿಯೇ ವಿಧಿಸಿದ್ದನು; ಇಂದು ಬ್ಯಾಂಕು, ಮೊಬೈಲುಗಳ ಭದ್ರತೆ ನಿಂತಿರುವುದೂ ಆ ತತ್ತ್ವದ ಮೇಲೆಯೇ.

ಬೆಂಗಳೂರಿನ ಪೂರ್ವಭಾಗದಲ್ಲಿ ಈ ವಿದ್ಯೆ ಇನ್ನೂ ಜೀವಂತವಾಗಿದೆ. ಕೃಷ್ಣರಾಜಪುರದ ಬಳಿಯ ದೂರವಾಣಿನಗರದಲ್ಲಿ 1948ರಲ್ಲಿ ಆರಂಭವಾದ, ದೂರಸಂಪರ್ಕ ಉಪಕರಣಗಳನ್ನು ತಯಾರಿಸುವ ಐಟಿಐ ಸಂಸ್ಥೆಯು ರಕ್ಷಣಾ ಪಡೆಗಳಿಗೆ ಗೂಢಲಿಪೀಕರಣದ ಉಪಕರಣಗಳನ್ನು ಒದಗಿಸಿದೆ. 1986ರಲ್ಲಿ ಸ್ಥಾಪಿತವಾಗಿ ಈಗ ಇಂದಿರಾನಗರಕ್ಕೆ ಸಮೀಪದ ಸಿ.ವಿ. ರಾಮನ್ ನಗರದಲ್ಲಿರುವ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ‘ಕೇರ್’ ಪ್ರಯೋಗಾಲಯದ ಸಂಶೋಧನಾ ವಿಷಯಗಳಲ್ಲಿ ಮಾಹಿತಿ ಸುರಕ್ಷತೆಯೂ ಒಂದು.