ಎಂಟು ಗಂಟೆ, ಒಂದೇ ಕಟ್ಟಡ

ಆ್ಯಂಡಿ ವಾರ್ಹೋಲ್ 1964ರಲ್ಲಿ ತೆಗೆದ ‘ಎಂಪೈರ್’ ಚಿತ್ರದಲ್ಲಿ ನಟರಿಲ್ಲ, ಕಥೆಯಿಲ್ಲ, ಮಾತಿರಲಿ ಸದ್ದೂ ಇಲ್ಲ. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಮೇಲ್ಭಾಗವನ್ನು ಕ್ಯಾಮೆರಾ ಎಂಟು ಗಂಟೆಗೂ ಮಿಕ್ಕಿ ಅಲುಗಾಡದೆ ನೋಡುತ್ತದೆ, ಅಷ್ಟೆ. ಸೂಪ್ ಡಬ್ಬಿಯ ಚಿತ್ರ ಬರೆದು ಪಾಪ್ ಕಲೆಗೆ ಹೆಸರಾದವನು ಜನರನ್ನು ಕೆಣಕಲೆಂದೇ ಇದನ್ನು ಮಾಡಿದ ಎನ್ನುವವರು ಈಗಲೂ ಇದ್ದಾರೆ. 1965ರ ಮಾರ್ಚ್‌ನಲ್ಲಿ ನಡೆದ ಮೊದಲ ಪ್ರದರ್ಶನದಲ್ಲೇ ಕೆಲವರು ರೇಗಿ ಟಿಕೆಟ್ ದುಡ್ಡು ವಾಪಸ್ ಕೇಳಿದ್ದರು. ಅವರನ್ನು ದೂರುವಂತಿಲ್ಲ. ಆದರೆ ಚಿತ್ರ ತಯಾರಾದ ಬಗೆಯನ್ನು ನೋಡಿದರೆ ಇದು ಕೀಟಲೆ ಅನ್ನಿಸುವುದಿಲ್ಲ. ಕಾಲವನ್ನೇ ವಸ್ತುವಾಗಿಸಿಕೊಂಡ ಸಿನಿಮಾ ಅನ್ನಿಸುತ್ತದೆ.

ಜುಲೈ 25ರ ಸಂಜೆ ಟೈಮ್-ಲೈಫ್ ಕಟ್ಟಡದ 41ನೇ ಮಹಡಿಯ ಕಚೇರಿಯೊಂದರಲ್ಲಿ ಕ್ಯಾಮೆರಾ ಹೂಡಿದರು; ಅದನ್ನು ನಡೆಸಿದವನು ಜೋನಾಸ್ ಮೇಕಸ್. ನಡುರಾತ್ರಿ ಕಳೆದು ಎರಡೂವರೆ ದಾಟುವವರೆಗೂ ಚಿತ್ರೀಕರಣ ನಡೆಯಿತು. ಸಿಕ್ಕ ದೃಶ್ಯ ಸುಮಾರು ಐದೂವರೆ ಗಂಟೆಯದು. ಸೆಕೆಂಡಿಗೆ 24 ಫ್ರೇಮಿನಂತೆ ತೆಗೆದದ್ದನ್ನು 16 ಫ್ರೇಮಿನಂತೆ ತೋರಿಸಬೇಕೆಂಬುದು ವಾರ್ಹೋಲ್‌ನ ತೀರ್ಮಾನ. ಹಾಗಾಗಿಯೇ ಐದೂವರೆ ಗಂಟೆ ಹಿಗ್ಗಿ ಎಂಟಾಯಿತು. ಬರೀ ಕೆಣಕುವುದೇ ಉದ್ದೇಶವಾಗಿದ್ದರೆ ಇಷ್ಟು ಲೆಕ್ಕಾಚಾರ ಬೇಕಿರಲಿಲ್ಲ. ಅಲುಗಾಡದ ಕಟ್ಟಡ ನಿಧಾನಗತಿಯಲ್ಲೂ ಹಾಗೇ ಕಾಣುತ್ತದೆ, ನಿಧಾನವಾಗುವುದು ಬೆಳಕು. ಮೊದಲಿಗೆ ತೆರೆ ಪೂರ್ತಿ ಬಿಳಿ. ಹೊತ್ತು ಮುಳುಗಿದಂತೆ ಕಟ್ಟಡ ಆ ಬಿಳಿಯೊಳಗಿಂದ ಮೂಡುತ್ತದೆ. ಆಮೇಲೆ ಒಮ್ಮೆಲೇ ಫ್ಲಡ್‌ಲೈಟ್ ಹತ್ತಿಕೊಂಡು ತುದಿ ಬೆಳಗುತ್ತದೆ. ಆ ದೀಪಗಳು ಅದೇ ವರ್ಷ ಹೊಸದಾಗಿ ಬಂದವು. ಮುಂದೆ ಯಾವುದೋ ಒಂದು ದೀಪ ಆರಿದರೂ ದೊಡ್ಡ ಘಟನೆಯೇ. ರೀಲು ಬದಲಾದಾಗ ಕೋಣೆಯಲ್ಲಿದ್ದವರ ಮುಖ ಕಿಟಕಿ ಗಾಜಿನಲ್ಲಿ ಕ್ಷಣಕಾಲ ಕಾಣುತ್ತದೆ. ಅದನ್ನೂ ಕತ್ತರಿಸಿಲ್ಲ.

ಇದಕ್ಕೆ ಒಂದು ಫೋಟೊ ಸಾಲದೇ ಎಂದರೆ, ಸಾಲದು. ದೀಪ ಹೊತ್ತಿದ ಮೇಲಿನ ಕಟ್ಟಡವನ್ನು ಫೋಟೊ ತೋರಿಸಬಹುದು, ಹೊತ್ತುವ ಮುಂಚಿನ ಕಾಯುವಿಕೆಯನ್ನು ತೋರಿಸಲಾರದು. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಚಿತ್ರದ ವಿಚಾರ ಗೊತ್ತಾದರೆ ಸಾಕು, ಕೂತು ನೋಡುವುದೇಕೆ? ಬೇಸರ ಎಂಬುದು ವಿಚಾರವಾಗಿ ತಿಳಿಯುವಂಥದ್ದಲ್ಲ, ಅನುಭವಿಸಬೇಕಾದದ್ದು. ಕಥೆಯ ಅವಸರದಲ್ಲಿ ಸಾಮಾನ್ಯ ಸಿನಿಮಾ ನಮ್ಮಿಂದ ಮರೆಸುವ ಗಡಿಯಾರವನ್ನು ಈ ಚಿತ್ರ ಮುಂದೆ ತಂದಿಡುತ್ತದೆ. ಕಣ್ಣು ಮೊದಲು ಸಿಡಿಮಿಡಿಗೊಂಡು, ಆಮೇಲೆ ಸೋತು, ಕೊನೆಗೆ ಫಿಲ್ಮಿನ ಕಣಗಳ ಚಲನೆಯನ್ನೂ ಹುಡುಕಿಕೊಳ್ಳುತ್ತದೆ. ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆ ಪಟ್ಟಿಗೆ 2004ರಲ್ಲಿ ಇದು ಸೇರಿತು, ನಿಜ. ಆದರೆ ಆ ಮನ್ನಣೆಯ ಮೇಲೆ ನನ್ನ ವಾದ ನಿಂತಿಲ್ಲ. ಎಂಟೂ ಗಂಟೆ ಕೂರಲೇಬೇಕೆಂದು ಯಾರನ್ನೂ ಒತ್ತಾಯಿಸಲಾರೆ. ಫ್ಲಡ್‌ಲೈಟ್ ಹೊತ್ತುವವರೆಗಾದರೂ ಕೂತು, ಆಮೇಲೆ ಇದು ಸಿನಿಮಾ ಹೌದೋ ಅಲ್ಲವೋ ಎಂದು ತೀರ್ಮಾನಿಸಲಿ.