ಭುಜದ ಬಿಗಿತವೂ ಹಸ್ತೋಪಚಾರವೂ

ನಾಲ್ವತ್ತು ದಾಟಿದವರಲ್ಲಿ ಕೆಲವರಿಗೆ ಯಾವ ಪೆಟ್ಟೂ ತಗಲದೆಯೇ ಒಂದು ಭುಜವು ನೋಯಲಾರಂಭಿಸಿ, ಕೆಲವು ತಿಂಗಳುಗಳೊಳಗಾಗಿ ಕೈಯು ಮೇಲೇಳದಂತಾಗುವುದುಂಟು. ಗೃಹಸ್ಥನಿಗೆ ಅಂಗಿಯ ತೋಳಿನಲ್ಲಿ ಕೈ ತೂರಿಸುವುದೇ ಸಾಹಸವಾಗುತ್ತದೆ. ಗೃಹಿಣಿಯಾದರೋ ಜಡೆ ಹೆಣೆದುಕೊಳ್ಳಲಾರಳು, ನಾಗೊಂದಿಗೆಯ ಮೇಲಿನ ಡಬ್ಬಿಯನ್ನಿಳಿಸಲಾರಳು, ರಾತ್ರಿ ಆ ಮಗ್ಗುಲಿಗೆ ಮಲಗಲಾರಳು. ಹೊರಗೆ ಊತವಿಲ್ಲ, ಎಕ್ಸರೇ ಪಟದಲ್ಲಿಯೂ ಸಾಮಾನ್ಯವಾಗಿ ದೋಷವೇನೂ ಕಾಣುವುದಿಲ್ಲ. ಆದಕಾರಣ ಮನೆಯವರು ಇದನ್ನು ಸೋಮಾರಿತನವೆಂದೆಣಿಸುವುದೂ ಉಂಟು. ಅದು ಅನ್ಯಾಯ.

ಸುಶ್ರುತಸಂಹಿತೆಯು ಶರೀರದಲ್ಲಿ 210 ಸಂಧಿಗಳನ್ನೆಣಿಸಿ, ಅವನ್ನು ಎಂಟು ಬಗೆಯಾಗಿ ವಿಂಗಡಿಸಿ, ಕಂಕುಳಿನ ಸಂಧಿಯನ್ನು ‘ಉಲೂಖಲ’, ಎಂದರೆ ಒರಳಿನಂಥದು, ಎನ್ನುತ್ತದೆ. ಹೋಲಿಕೆಯು ಸೊಗಸಾಗಿದೆ. ಆದರೆ ತೊಡೆಸಂದಿನ ಒರಳು ಆಳವಾದುದು, ಭುಜದ್ದು ತಟ್ಟೆಯಂತೆ ತಗ್ಗಾದುದು. ಅದರಿಂದಲೇ ಕೈಗೆ ಇಷ್ಟು ಚಲನಸ್ವಾತಂತ್ರ್ಯ. ಸಂದನ್ನು ಸುತ್ತುವರಿದ ಚೀಲದಂತಹ ಬಂಧನವು ಅದಕ್ಕೊಂದು ಆಸರೆ. ಹೆಗಲಿನಲ್ಲಿ ನೆಲಸಿದ ವಾಯುವು ಸಿರೆಗಳನ್ನು ಸಂಕೋಚಗೊಳಿಸಿ ‘ಅವಬಾಹುಕ’ವನ್ನುಂಟುಮಾಡುವುದೆಂದು ಅದೇ ಗ್ರಂಥವು ಹೇಳುತ್ತದೆ. ಅಮೆರಿಕಾದ ಶಸ್ತ್ರವೈದ್ಯರಾದ ಕಾಡ್‌ಮನ್ನರು 1934ರಲ್ಲಿ ‘ಫ್ರೋಜನ್ ಷೋಲ್ಡರ್’ ಎಂದು ಹೆಸರಿಟ್ಟ ವ್ಯಾಧಿಯು ಇದನ್ನು ಬಹುಮಟ್ಟಿಗೆ ಹೋಲುತ್ತದೆ. ಚೀಲವು ಉರಿಗೊಂಡು, ದಪ್ಪನಾಗಿ, ಕುಗ್ಗುವುದೇ ಇದರ ಮೂಲ. ಮಧುಮೇಹಿಗಳಲ್ಲಿ ಇದು ಹೆಚ್ಚು.

ಮೊದಲು ನೋವು, ಬಳಿಕ ಬಿಗಿತ, ಕಡೆಗೆ ಸಡಿಲಿಕೆ: ಈ ಕ್ರಮಕ್ಕೆ ಒಂದರಿಂದ ಮೂರು ವರ್ಷಗಳು ಹಿಡಿಯಬಹುದು. ತಾನಾಗಿ ಬಿಡುವ ರೋಗಕ್ಕೆ ಉಪಚಾರವೇಕೆಂದು ಕೇಳುವವರುಂಟು. ಎರಡು ವರ್ಷ ಬಲಗೈಯಿಲ್ಲದೆ ಸಂಸಾರ ತೂಗಿಸಿದವರು ಹಾಗೆ ಕೇಳರು. ಮೇಲಾಗಿ ಕೆಲವರಲ್ಲಿ ಬಿಗಿತವು ತಕ್ಕಮಟ್ಟಿಗೆ ಉಳಿದೇ ಹೋಗುತ್ತದೆ.

ಬಲ್ಲ ಫಿಜಿಯೋಥೆರಪಿಸ್ಟನು ಮೊದಲು ಪರೀಕ್ಷಿಸುತ್ತಾನೆ. ರೋಗಿಯು ತಾನಾಗಿ ಎತ್ತಲಾರದ ಕೈಯನ್ನು ಇನ್ನೊಬ್ಬರು ಎತ್ತಿದರೆ ಸರಾಗವಾಗಿ ಏಳುವುದಾದರೆ, ದೋಷವು ಸ್ನಾಯುವಿನಲ್ಲಿಯೋ ನರದಲ್ಲಿಯೋ ಇರಬಹುದು. ಯಾರೆತ್ತಿದರೂ ಏಳದಿದ್ದರೆ ಬಿಗಿದಿರುವುದು ಸಂದೇ. ಮೊಳಕೈಯನ್ನು ಪಕ್ಕೆಗೊತ್ತಿ ಮುಂಗೈಯನ್ನು ಹೊರಕ್ಕೆ ತಿರುಗಿಸುವ ಚಲನೆಯು ಎಲ್ಲಕ್ಕಿಂತ ಹೆಚ್ಚಾಗಿ ಕುಂಠಿತವಾಗಿರುತ್ತದೆ. ಇನ್ನೊಂದು ಮರ್ಮವುಂಟು. ಕೈಯನ್ನು 180 ಅಂಶ ಎತ್ತುವಾಗ ಸುಮಾರು 120 ಅಂಶ ಭುಜದ ಸಂದಿನಿಂದಲೂ, ಉಳಿದುದು ಬೆನ್ನಿನ ಮೇಲಣ ಅಂಸಫಲಕವು ಜಾರುವುದರಿಂದಲೂ ಒದಗುತ್ತದೆ. ಸಂದು ಬಿಗಿದಾಗ ಹೆಗಲನ್ನೇ ಕುಣಿಸಿ ಕೈಯೆತ್ತಿದಂತೆ ಶರೀರವು ನಟಿಸುತ್ತದೆ. ಅದಕ್ಕಾಗಿಯೇ ಚಿಕಿತ್ಸಕನು ಒಂದು ಕೈಯಿಂದ ಅಂಸಫಲಕವನ್ನು ಅದುಮಿ ಹಿಡಿದು, ಇನ್ನೊಂದು ಕೈಯಿಂದ ತೋಳಿನ ಮೂಳೆಯ ಗುಂಡನ್ನು ಕೆಳಕ್ಕೂ ಹಿಂದಕ್ಕೂ ಮೆಲ್ಲನೆ ಜಾರಿಸುತ್ತಾನೆ. ಈ ಲಯಬದ್ಧ ಆಂದೋಲನಕ್ಕೆ ಆಸ್ಟ್ರೇಲಿಯಾದ ಮೇಟ್‌ಲೆಂಡರು ನಾಲ್ಕು ಮೆಟ್ಟಿಲುಗಳನ್ನು ಹೇಳಿದ್ದಾರೆ. ನೋವು ಹೆಚ್ಚಿರುವಾಗ ಮೊದಲ ಮೆಟ್ಟಿಲುಗಳು, ನೋವು ತಗ್ಗಿ ಬಿಗಿತವೇ ಮುಂದಾದಾಗ ಕೊನೆಯವು.

ಇಲ್ಲಿ ಅವಸರವು ಸಲ್ಲದು. ನಮ್ಮ ನೆರೆಯ ವೃದ್ಧೆಯೊಬ್ಬರ ಬಿಗಿದ ಕೈಯನ್ನು ಎಣ್ಣೆ ತಿಕ್ಕುವವನೊಬ್ಬನು ಒಂದೇ ಪಟ್ಟಿಗೆ ತಿರುಚಲು, ತೋಳಿನ ಮೂಳೆಯೇ ಬಿರಿಯಿತು. ಸಂದು ಬಿಟ್ಟಿತೆಂದು ಸುತ್ತಲಿದ್ದವರೆಲ್ಲ ಮೊದಲು ಸಂತೋಷಪಟ್ಟರು! ಎಣ್ಣೆಯನ್ನು ನಾವು ಹಳಿಯುವುದಿಲ್ಲ. ಬೆಚ್ಚಗಿನ ಅಭ್ಯಂಗವು ಮಾಂಸಖಂಡಗಳನ್ನು ಸಡಿಲಿಸಿ ಹಿತವನ್ನುಂಟುಮಾಡುವುದು. ಆದರೆ ಕುಗ್ಗಿದ ಚೀಲವು ಎಣ್ಣೆಯೊಂದರಿಂದಲೇ ಹಿಗ್ಗದು. ಬಿದ್ದ ಮೇಲೆ ಬಂದ ನೋವು, ಜ್ವರದೊಡನೆ ಕೆಂಪಾಗಿ ಊದಿದ ಸಂದು, ಇವಕ್ಕೆ ವೈದ್ಯರ ಪರೀಕ್ಷೆಯಾಗುವ ಮುನ್ನ ಯಾರೂ ಕೈಯಿಡಕೂಡದು. ಎದೆಯ ಬಿಗಿತ, ಬೆವರು, ಉಸಿರಾಟದ ತೊಂದರೆಗಳೊಡನೆ ಭುಜವು ನೊಂದರೆ ಹೃದಯದ ಶಂಕೆಯಿಂದ ತತ್‌ಕ್ಷಣ ಆಸ್ಪತ್ರೆಗೆ ಹೋಗತಕ್ಕದ್ದು.

ಚಿಕಿತ್ಸಕನ ಕೈ ವಾರಕ್ಕೆರಡು ಮೂರು ಸಲ ಒದಗೀತು. ಮಿಕ್ಕ ದಿನಗಳ ಕೆಲಸವು ಮನೆಯದು. ಮೇಜಿಗೆ ಒಂದು ಕೈಯೂರಿ ಬಾಗಿ, ನೋಯುವ ಕೈಯನ್ನು ಇಳಿಬಿಟ್ಟು ಗಡಿಯಾರದ ಲೋಲಕದಂತೆ ತೂಗುವುದು ಮೊದಲನೆಯದು. ನೋವು ತಗ್ಗಿದ ಬಳಿಕ ಗೋಡೆಗೆದುರಾಗಿ ನಿಂತು, ಹೆಗಲನ್ನು ಮೇಲಕ್ಕೆ ಕುಗ್ಗಿಸದೆ, ಬೆರಳುಗಳನ್ನು ಹಲ್ಲಿಯಂತೆ ಹತ್ತಿಸುವುದು. ಆ ದಿನ ಮುಟ್ಟಿದ ಎತ್ತರಕ್ಕೆ ಸೀಸದ ಕಡ್ಡಿಯಿಂದ ಗುರುತು ಮಾಡಿ, ಪಕ್ಕದಲ್ಲಿ ತಾರೀಖು ಬರೆದಿಡಿರಿ. ಸುಣ್ಣ ಬಳಿಯುವವರಿಗೆ ಮಾತ್ರ ಆ ಗೋಡೆಯನ್ನು ಸದ್ಯಕ್ಕೆ ಬಿಡಲು ಹೇಳಿರಿ.