ಮೊದಲ ಮಗು ಯಾರು?

ರಾಜ್ಯೋತ್ಸವಕ್ಕೆ ನಾವೊಂದು ವೆಬ್ ಪೇಜ್ ಮಾಡಿದ್ವಿ. ಅದರಲ್ಲಿ ಹಾಡುವವರ ಪಟ್ಟಿ. ಮೊದಲ ಹೆಸರಲ್ಲೇ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. "ಅಕ್ಕಾ, ನನ್ನ ಹೆಸರು ಹಾಗಲ್ಲ" ಅಂತ ಜೂನಿಯರ್ ಮೆಸೇಜ್ ಹಾಕಿದಳು. ಫೈಲ್ ಮುಟ್ಟೋ ಮುಂಚೆ ಕನ್ಸೋಲ್‌ನಲ್ಲೇ ತಿದ್ದಿ ನೋಡೋಣ ಅಂದ್ಕೊಂಡ್ವಿ.

ಪಟ್ಟಿಯ ಫಸ್ಟ್‌ಚೈಲ್ಡ್ ಹಿಡಿದು, ಅದರ ನೋಡ್‌ವ್ಯಾಲ್ಯೂಗೆ ಸರಿಯಾದ ಹೆಸರು ಕೊಟ್ವಿ. ತಪ್ಪು ಹೆಸರು ಹಾಗೇ ಉಳೀತು. ಸರಿ ಹೆಸರು ಪಟ್ಟಿಯ ಮೇಲೆ, ಬುಲೆಟ್ ಇಲ್ಲದೆ ಒಂಟಿಯಾಗಿ ಬಂದು ನಿಂತಿತು!

ಯಾಕೆ ಹೀಗಾಯ್ತು? ಬ್ರೌಸರ್ ನಮ್ಮ ಹೆಚ್‌ಟಿಎಮ್‌ಎಲ್ ಓದಿ ಒಂದು ಮರ ಕಟ್ಟುತ್ತೆ. ಅದೇ ಡಾಮ್. ಮರದ ಪ್ರತಿಯೊಂದು ಭಾಗವೂ ಒಂದು ನೋಡ್. ಅದು ಯಾವ ಜಾತಿಯದು ಅಂತ ನೋಡ್‌ಟೈಪ್ ಹೇಳುತ್ತೆ: ಎಲಿಮೆಂಟ್ ಆದ್ರೆ 1, ಬರಹ ಆದ್ರೆ 3, ಕಾಮೆಂಟ್ ಆದ್ರೆ 8, ಇಡೀ ಡಾಕ್ಯುಮೆಂಟ್‌ಗೆ 9. ನಾವು ಯುಎಲ್ ಟ್ಯಾಗ್ ಆದ್ಮೇಲೆ ಎಂಟರ್ ಒತ್ತಿ, ಜಾಗ ಬಿಟ್ಟು ಎಲ್‌ಐ ಬರೆದಿದ್ವಿ. ಆ ಖಾಲಿ ಜಾಗವೂ ಒಂದು ಬರಹದ ನೋಡ್. ಮೊದಲ ಮಗು ಅದೇ!

ಸರಿ, ಫಸ್ಟ್‌ಎಲಿಮೆಂಟ್‌ಚೈಲ್ಡ್ ಬಳಸಿದ್ವಿ. ಈಗ ಎಲ್‌ಐ ಸಿಕ್ತು. ಆದ್ರೆ ನೋಡ್‌ವ್ಯಾಲ್ಯೂ ಬದಲಿಸಿದ್ರೆ ಎರರ್ರೂ ಇಲ್ಲ, ಬದಲಾವಣೆಯೂ ಇಲ್ಲ. ಎಲಿಮೆಂಟ್‌ನ ನೋಡ್‌ವ್ಯಾಲ್ಯೂ ಯಾವಾಗಲೂ ನಲ್. ಹೆಸರು ಇರೋದು ಎಲ್‌ಐ ಒಳಗಿನ ಬರಹದ ನೋಡ್‌ನಲ್ಲಿ. ಅಲ್ಲಿಗೆ ಇಳಿಯಬೇಕು, ಇಲ್ಲವೇ ಎಲ್‌ಐಗೇ ಟೆಕ್ಸ್ಟ್‌ಕಂಟೆಂಟ್ ಕೊಡಬೇಕು. ಒಂದು ಎಚ್ಚರಿಕೆ: ಟೆಕ್ಸ್ಟ್‌ಕಂಟೆಂಟ್ ಕೊಟ್ರೆ ಒಳಗಿದ್ದ ಬೇರೆ ಟ್ಯಾಗ್‌ಗಳೆಲ್ಲ ಅಳಿಸಿಹೋಗ್ತವೆ.

ಇನ್ನರ್‌ಹೆಚ್‌ಟಿಎಮ್‌ಎಲ್ ಸುಲಭ ಅಲ್ವಾ ಅಂತ ಕೇಳಬಹುದು. ನಾವೇ ಬರೆದ ಬರಹಕ್ಕೆ ಸರಿ. ಆದ್ರೆ ಹೆಸರುಗಳು ಫಾರ್ಮ್‌ನಿಂದ ಬಂದ್ರೆ ಅಪಾಯ. ಅದು ಬಂದದ್ದನ್ನೆಲ್ಲ ಟ್ಯಾಗ್ ಅಂತಲೇ ಓದುತ್ತೆ. ಹೀಗೆ ಸೇರಿಸಿದ ಸ್ಕ್ರಿಪ್ಟ್ ಟ್ಯಾಗ್ ಓಡಲ್ಲ, ನಿಜ. ಆದ್ರೆ ಯಾರಾದ್ರೂ ಹೆಸರಿನ ಜಾಗದಲ್ಲಿ ಸುಳ್ಳು ವಿಳಾಸದ ಇಮೇಜ್ ಟ್ಯಾಗ್ ಹಾಕಿ, ಆನ್‌ಎರರ್‌ನಲ್ಲಿ ಕೋಡ್ ಬರೆದ್ರೆ ಅದು ಓಡುತ್ತೆ, ಅದೂ ಪೇಜ್ ನೋಡುವವರ ಬ್ರೌಸರ್‌ನಲ್ಲಿ. ಟೆಕ್ಸ್ಟ್‌ಕಂಟೆಂಟ್ ಆದ್ರೆ ಅದನ್ನೆಲ್ಲ ಬರೀ ಅಕ್ಷರವಾಗಿ ತೋರಿಸುತ್ತೆ.

ಕನ್ಸೋಲ್‌ನಲ್ಲಿ ತಿದ್ದಿದ್ದು ನಮ್ಮ ಸ್ಕ್ರೀನ್‌ನಲ್ಲಿ ಮಾತ್ರ, ರಿಫ್ರೆಶ್ ಮಾಡಿದ್ರೆ ಮಾಯ. ಕೊನೆಗೆ ಫೈಲ್‌ನಲ್ಲೇ ಒತ್ತಕ್ಷರ ಸೇರಿಸಿ ಅಪ್‌ಲೋಡ್ ಮಾಡಿದ್ವಿ. "ಈಗ ಸರಿ ಇದೆ ಅಕ್ಕಾ" ಅಂದಳು.

ನೀವೂ ಯಾವುದಾದ್ರೂ ಪೇಜ್ ತೆರೆದು ಎಫ್12 ಒತ್ತಿ, ಬಾಡಿಯ ಫಸ್ಟ್‌ಚೈಲ್ಡ್‌ಗೆ ನೋಡ್‌ಟೈಪ್ ಕೇಳಿ. 3 ಅಂತ ಬಂದ್ರೆ ಯಾಕೆ ಅಂತ ಈಗ ಗೊತ್ತಲ್ಲ!